ನಲ್ಲಿಯಿಂದ ಶುರು ಮಾಡಿ: ಬ್ಯಾಟರಿ ಮೇಲೆ ಓಡುವ ಪ್ರೆಷರ್ ಪಂಪ್ ಆರಿಸುವುದು ಹೇಗೆ

(ಇದು ವಿಡಿಯೊದಲ್ಲಿ ಮಾತಾಡಿದ್ದರ ಪಠ್ಯರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)



2024ರ ಆಗಸ್ಟ್ ಕೊನೆಯ ವಾರ. ಆಗ ವಡೋದರಾದಲ್ಲಿ ಇದ್ದವರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನದು ಅವರೇ ಹೇಳ್ತಾರೆ. ವಿಶ್ವಾಮಿತ್ರಿ ನದಿ 25 ಅಡಿಯ ಅಪಾಯದ ಗೆರೆ ದಾಟಿ ಊರೊಳಗೆ ಬಂತು. ಕಾರುಗಳು ತೇಲಿದವು. ನದಿಯ ಮೊಸಳೆಗಳು ಕಾಲೊನಿಗಳಿಗೆ ಬಂದವು. ಊರಿಂದ ಫೋನ್ ಮಾಡಿದವರೆಲ್ಲ ಮೊದಲು ಮೊಸಳೆ ಬಗ್ಗೆಯೇ ಕೇಳಿದ್ದು, ಆಮೇಲೆ ನಮ್ಮ ಬಗ್ಗೆ.

ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ಮನೆಯ ಅಡಿಪಾಯ ಸ್ವಲ್ಪ ಎತ್ತರ ಇದ್ದಿದ್ದರಿಂದ ನೀರು ಎರಡನೇ ಮೆಟ್ಟಿಲಿಗೆ ನಿಂತಿತು. ಸುರಕ್ಷತೆಗೆ ಅಂತ ಕರೆಂಟ್ ತೆಗೆದರು. ಅದು ಸರಿಯಾದ ನಿರ್ಧಾರವೇ. ಆದರೆ ವಾಪಸ್ ಬಂದದ್ದು ನಾಲ್ಕನೇ ದಿನ.

ಆಗ ನಮ್ಮ ಮನೆಯ ಪರಿಸ್ಥಿತಿ ಹೇಗಿತ್ತು ನೋಡಿ. ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್. ನೆಲದ ಕೆಳಗೆ ಸಂಪಿನಲ್ಲಿ ಸುಮಾರು 5,000 ಲೀಟರ್ ನೀರು. ಮೆಟ್ಟಿಲ ಕೆಳಗೆ ಇನ್ವರ್ಟರ್, ಅದಕ್ಕೆ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ. ಇವೆಲ್ಲ ಇದ್ದೂ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ನಲ್ಲಿಯಲ್ಲಿ ಒಂದು ಹನಿ ನೀರಿಲ್ಲ.

ಮನೆಯಲ್ಲಿ ಅಮ್ಮ ಇದ್ದರು. ತೀರ್ಥಹಳ್ಳಿ ಕಡೆಯಿಂದ ಮಂಡಿ ಆಪರೇಷನ್ನಿಗೆ ಅಂತ ಕರೆಸಿಕೊಂಡಿದ್ದೆ. ಆಪರೇಷನ್ ಆಗಿ ಮೂರು ವಾರ. ವಾಕರ್ ಹಿಡಿದು ಬಾತ್‌ರೂಮಿಗೆ ಹೋಗುವಷ್ಟು ಆಗಿದ್ದರು, ಅಷ್ಟೇ. ಸಂಪಿನ ಮುಚ್ಚಳ ತೆಗೆದು, ಹಗ್ಗ ಕಟ್ಟಿ, ಬಕೆಟ್‌ನಲ್ಲಿ ನೀರು ಸೇದಿ ನಾನೂ ನನ್ನ ಹೆಂಡತಿಯೂ ಒಳಗೆ ತರ್ತಿದ್ವಿ. ಐ.ಟಿ. ಬೆನ್ನು, ನಿಮಗೆ ಗೊತ್ತಲ್ಲ, ಮೂರನೇ ಬಕೆಟ್ಟಿಗೇ ಹಿಡಿದುಕೊಳ್ತು.

ಕರೆಂಟ್ ಬಂದು ಒಂದು ವಾರಕ್ಕೆ ಅಮ್ಮನಿಗೆ ಜ್ವರ. ಮೂತ್ರದ ಸೋಂಕು. ಡಾಕ್ಟರು "ನೀರು ಎಷ್ಟು ಕುಡೀತಿದ್ರಿ?" ಅಂತ ಕೇಳಿದರೆ ಅಮ್ಮ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ಹೇಳಿದರು: "ನಾನು ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕು. ಹೋದ್ರೆ ನೀನು ಮತ್ತೊಂದು ಬಕೆಟ್ ಹೊರಬೇಕು. ನೋಡಕ್ಕಾಗ್ತಿರಲಿಲ್ಲ ಮಾರಾಯ."

ನಾಲ್ಕು ದಿನ ಅಮ್ಮ ನಮಗೋಸ್ಕರ ಬಾಯಾರಿಕೊಂಡೇ ಇದ್ದರು. ಅದೂ 5,000 ಲೀಟರ್ ನೀರಿನ ಮೇಲೆ ಕೂತು. ಇವತ್ತಿನ ಮಾತು ಹುಟ್ಟಿದ್ದು ಅಲ್ಲಿಂದ. ಪಂಪ್ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಂಡದ್ದು ಯಾಕೆ ಅಂತ ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಸೋಲಾರ್ ಇದ್ದೂ ಯಾಕೆ ಕೈಕೊಟ್ಟಿತು?

ಗುಜರಾತಿನಲ್ಲಿ ತಾರಸಿ ಸೋಲಾರ್ ತುಂಬಾ ಮನೆಗಳಲ್ಲಿದೆ. ನಿಮ್ಮಲ್ಲೂ ಹಲವರು ಹಾಕಿಸಿರ್ತೀರಿ. ಹೆಚ್ಚಿನವು ಲೈನಿಗೆ ಸೇರಿಸಿದ ವ್ಯವಸ್ಥೆಗಳು. ಬೀದಿಯ ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ಅವುಗಳ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತೆ. ಕಂಬದ ಮೇಲೆ ರಿಪೇರಿ ಮಾಡ್ತಿರೋ ಲೈನ್‌ಮನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ಮೇಲೆ ಬಿಸಿಲಿದ್ದರೂ ಒಳಗೆ ಕತ್ತಲೆ. ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆ ಇದ್ದರೆ ಮಾತು ಬೇರೆ.

ಇನ್ನು ಮೆಟ್ಟಿಲ ಕೆಳಗಿನ ಇನ್ವರ್ಟರ್. ನಮ್ಮ ಸಂಪಿನ ಮೋಟರ್ ಅರ್ಧ ಎಚ್‌ಪಿ, ಅಂದರೆ ಸುಮಾರು 370 ವ್ಯಾಟ್. ಆದರೆ ಮೋಟರ್ ಶುರುವಾಗುವ ಆ ಕ್ಷಣಕ್ಕೆ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಇನ್ವರ್ಟರ್ ಕೀಂ ಅಂತ ಕೂಗಿ ಟ್ರಿಪ್ ಆಯ್ತು. ಫ್ಯಾನು, ಲೈಟು, ಫೋನು ಅಂತ ಮೊದಲ ರಾತ್ರಿಯೇ ಬ್ಯಾಟರಿ ಖಾಲಿ.

ನೀರು ಇತ್ತು, ಶಕ್ತಿಯೂ ಇತ್ತು, ಎರಡನ್ನೂ ಜೋಡಿಸುವ ಸಣ್ಣದೊಂದು ಪಂಪ್ ಇರಲಿಲ್ಲ. ಸೂರತ್‌ನ ಹಳಬರು ಇದನ್ನೇ 2006ರ ಕಥೆಯಾಗಿ ಹೇಳ್ತಾರೆ. ಆ ಆಗಸ್ಟ್‌ನಲ್ಲಿ ಉಕಾಯ್ ಅಣೆಕಟ್ಟಿಂದ ನೀರು ಬಿಟ್ಟು, ತಾಪಿ ಉಕ್ಕಿ ಊರಿನ ಬಹುಭಾಗ ಮುಳುಗಿತ್ತು. ಸುತ್ತ ನೀರೇ ನೀರು, ನಲ್ಲಿ ಮಾತ್ರ ಒಣ.

ಏನಿದು ಪಂಪ್?

ನೀವು ಇದನ್ನು ಈಗಾಗಲೇ ನೋಡಿದ್ದೀರಿ. ಅಡುಗೆಮನೆಯ ಆರ್‌ಒ ಫಿಲ್ಟರ್ ಒಳಗೆ ಗುರ್ ಅಂತ ಓಡುತ್ತಲ್ಲ, ಅದು ಸಾಮಾನ್ಯವಾಗಿ 24 ವೋಲ್ಟಿನ ಡಯಾಫ್ರಮ್ ಪಂಪ್. ಊರಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಒಳಗೆ ಇರೋದು 12 ವೋಲ್ಟಿನ ಅದೇ ಜಾತಿ. ಒಳಗೆ ರಬ್ಬರಿನ ಪೊರೆ ಹಿಂದೆ ಮುಂದೆ ಬಡಿಯುತ್ತೆ, ಸಣ್ಣ ಸಣ್ಣ ವಾಲ್ವುಗಳು ತೆರೆದು ಮುಚ್ಚುತ್ತವೆ. ಇದು ಗಾಳಿಯನ್ನೂ ಎಳೆಯುತ್ತೆ. ಹಾಗಾಗಿ ಮನೆಯ ಮೋಟರಿಗೆ ಮಾಡುವ ಹಾಗೆ ನೀರು ಸುರಿದು ಪ್ರೈಮ್ ಮಾಡಬೇಕಿಲ್ಲ.

ದೋಣಿ, ಕ್ಯಾರವಾನ್‌ಗಳಲ್ಲಿ ಬಳಸುವುದು ಇದರ ದೊಡ್ಡಣ್ಣ. ಅದಕ್ಕೆ ಒಂದು ಪ್ರೆಷರ್ ಸ್ವಿಚ್ ಇರುತ್ತೆ. ನಲ್ಲಿ ತಿರುಗಿಸಿದರೆ ಪೈಪಿನ ಒತ್ತಡ ಇಳಿಯುತ್ತೆ, ಪಂಪ್ ಶುರು. ನಲ್ಲಿ ನಿಲ್ಲಿಸಿದರೆ ಒತ್ತಡ ಏರುತ್ತೆ, ಪಂಪ್ ಬಂದ್. ಸ್ವಿಚ್ ಹಾಕುವ ಗೋಜಿಲ್ಲ, ಓವರ್‌ಹೆಡ್ ಟ್ಯಾಂಕೂ ಬೇಕಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ: "ಯಾವ ಕಂಪನಿಯದು ತಗೊಳ್ಳಲಿ?" ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಎರಡು ವಾರ ರಾತ್ರಿ ಕೂತು ರಿವ್ಯೂ ಓದಿದೆ. ಕೊನೆಗೆ ಗೊತ್ತಾಗಿದ್ದು ಇಷ್ಟು: ಪಂಪ್ ಆರಿಸೋದು ಕೊನೆಯ ಹೆಜ್ಜೆ. ಮೊದಲ ಹೆಜ್ಜೆ ನಲ್ಲಿ. ನಾವು ಸಾಫ್ಟ್‌ವೇರಿನವರು ರಿಕ್ವೈರ್‌ಮೆಂಟ್ ಬರೆಯದೆ ಸರ್ವರ್ ಖರೀದಿ ಮಾಡಲ್ಲ ತಾನೆ? ಇಲ್ಲೂ ಹಾಗೇ.

ಹೆಜ್ಜೆ 1: ಬಕೆಟ್ಟೂ ಫೋನಿನ ಗಡಿಯಾರವೂ

ಒಂದು 15 ಲೀಟರ್ ಬಕೆಟ್ ತಗೊಳ್ಳಿ. ನಿಮಗೆ ಸಮಾಧಾನ ಆಗುವಷ್ಟು ಶವರ್ ತಿರುಗಿಸಿ, ಬಕೆಟ್ ತುಂಬಲು ಎಷ್ಟು ಹೊತ್ತು ಅಂತ ನೋಡಿ. ನಮ್ಮಲ್ಲಿ ಎರಡೂವರೆ ನಿಮಿಷ. ಅಂದರೆ ನಿಮಿಷಕ್ಕೆ 6 ಲೀಟರ್. ಅಡುಗೆಮನೆ ನಲ್ಲಿಗೆ 4 ಲೀಟರ್ ಸಾಕು. ಫ್ಲಶ್ ಟ್ಯಾಂಕಿಗೆ ಅವಸರ ಇಲ್ಲ, ನಿಧಾನಕ್ಕೆ ತುಂಬಲಿ. ಎರಡು ನಲ್ಲಿ ಪೂರ್ತಿ ಒಟ್ಟಿಗೆ ಓಡುವುದು ಅಪರೂಪ, ಹಾಗಾಗಿ ನಿಮಿಷಕ್ಕೆ 8 ಲೀಟರ್ ಅಂತ ಇಟ್ಟುಕೊಂಡೆ.

ಇನ್ನು ಒತ್ತಡ. 10 ಮೀಟರ್ ಎತ್ತರದ ನೀರು ಅಂದರೆ ಸುಮಾರು 1 ಬಾರ್, ಪಿಎಸ್ಐ ಲೆಕ್ಕದಲ್ಲಿ 14.5. ತಾರಸಿ ಟ್ಯಾಂಕ್ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗೋದು ಬರೀ 0.3 ಬಾರ್. ಮೇಲಿನ ಮಹಡಿಯ ಶವರ್ ಯಾಕೆ ಅಳುತ್ತೆ ಅಂತ ಈಗ ಗೊತ್ತಾಯ್ತಲ್ಲ. ಒಳ್ಳೆ ಶವರಿಗೆ 1.5 ಬಾರ್ ಧಾರಾಳ ಸಾಕು. ಸಂಪಿನಿಂದ ಮೇಲೆತ್ತುವುದು, ಪೈಪಿನಲ್ಲಿ ಕಳೆದುಕೊಳ್ಳುವುದು ಎಲ್ಲ ಸೇರಿಸಿ ನಾನು 2 ಬಾರ್ ಅಂತ ಹಿಡಿದೆ.

ಈಗ ಸಣ್ಣ ಲೆಕ್ಕ. ನಿಮಿಷಕ್ಕೆ 8 ಲೀಟರ್, 2 ಬಾರ್ ಒತ್ತಡ. ನೀರಿಗೆ ಕೊಡಬೇಕಾದ ಶಕ್ತಿ ಸುಮಾರು 27 ವ್ಯಾಟ್. ಪಂಪಿನ ದಕ್ಷತೆ ನೂರಕ್ಕೆ 40 ಅಂತ ಇಟ್ಟರೂ ಬ್ಯಾಟರಿಯಿಂದ 67 ವ್ಯಾಟ್. 12 ವೋಲ್ಟಿಗೆ ಸುಮಾರು 5.6 ಆಂಪಿಯರ್. ಅಂದರೆ ಒಂದು ಫ್ಯಾನು ಎಳೆಯುವಷ್ಟು.

ತುರ್ತಿನ ದಿನಗಳಲ್ಲಿ ಮೂರು ಜನಕ್ಕೆ 300 ಲೀಟರ್ ಅಂದುಕೊಳ್ಳಿ. ಪಂಪ್ ಓಡುವುದು ಇಡೀ ದಿನಕ್ಕೆ 38 ನಿಮಿಷ. ಖರ್ಚು 42 ವ್ಯಾಟ್-ಅವರ್. 12.8 ವೋಲ್ಟ್, 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತೆ. ಬೇರೇನೂ ಓಡಿಸದಿದ್ದರೆ ಲೆಕ್ಕಕ್ಕೆ 30 ದಿನ! ಈ ಸಂಖ್ಯೆ ನೋಡಿ ನಾನು ಎರಡು ಸಲ ಲೆಕ್ಕ ಮಾಡಿದೆ. ನಾಲ್ಕು ದಿನ ನಾವು ಬಕೆಟ್ ಹೊತ್ತದ್ದು ದಿನಕ್ಕೆ 42 ವ್ಯಾಟ್-ಅವರ್‌ಗೋಸ್ಕರ.

"ಹಾಗಾದ್ರೆ ಇನ್ವರ್ಟರ್ ಹಾಕಿ ಸಣ್ಣ 230 ವೋಲ್ಟಿನ ಪಂಪ್ ಓಡಿಸಬಹುದಲ್ಲ?" ಅಂತ ಕೇಳ್ತೀರಿ. ಓಡಿಸಬಹುದು. ಆದರೆ ನಲ್ಲಿ ಯಾವಾಗ ತಿರುಗಿಸಿದರೂ ನೀರು ಬರಬೇಕಾದರೆ ಇನ್ವರ್ಟರ್ 24 ಗಂಟೆಯೂ ಎಚ್ಚರ ಇರಬೇಕು. ಸುಮ್ಮನೆ ಕೂತಿರುವುದಕ್ಕೇ ಅದು 20 ವ್ಯಾಟ್ ತಿಂದರೆ ದಿನಕ್ಕೆ 480 ವ್ಯಾಟ್-ಅವರ್. ಕೆಲಸ ಮಾಡುವ ಪಂಪಿನ ಹತ್ತು ಪಟ್ಟಿಗಿಂತ ಜಾಸ್ತಿ. ಲೈನ್ ಕರೆಂಟ್ ಇಲ್ಲದ ಮನೆಗೆ 12 ಅಥವಾ 24 ವೋಲ್ಟಿನ ಪಂಪ್ ಯಾಕೆ ಅನ್ನುವುದಕ್ಕೆ ನಿಜವಾದ ಕಾರಣ ಇದು.

ಹೆಜ್ಜೆ 2: 12 ಅಥವಾ 24? ತಂತಿಯನ್ನು ಕೇಳಿ

ಅಹಮದಾಬಾದಿನ ಬೋಪಲ್‌ನಲ್ಲಿ ನನ್ನ ಗೆಳೆಯ ಇದ್ದಾನೆ, ಹುಬ್ಬಳ್ಳಿಯವನು. ನನ್ನ ಕಥೆ ಕೇಳಿ ಅವನೂ ಹುರುಪಾದ. ತಾರಸಿ ಕೋಣೆಯಲ್ಲಿ ಬ್ಯಾಟರಿ, ಕೆಳಗೆ ಸಂಪಿನ ಪಕ್ಕ 12 ವೋಲ್ಟಿನ ಪಂಪ್, ನಡುವೆ 15 ಮೀಟರ್ ತಂತಿ, ಮನೆ ವೈರಿಂಗಿನಲ್ಲಿ ಉಳಿದಿದ್ದ 1.5 ಚದರ ಮಿಲಿಮೀಟರಿನದು. ಶವರಿನಲ್ಲಿ ನೀರು ಸೊರಗಿಕೊಂಡು ಬರ್ತಿತ್ತು. "ಪಂಪ್ ಸಣ್ಣದಾತೇನೋ ಅಂತ ಇನ್ನೊಂದು ದೊಡ್ಡದು ತಂದೆ ನೋಡಪಾ, ಅದು ಇನ್ನೂ ಕೆಟ್ಟ ಓಡಾಕತ್ತೈತಿ" ಅಂದ.

ಯಾಕೆ ಗೊತ್ತಾ? ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ ತಂತಿ ಒಟ್ಟು 30 ಮೀಟರ್. ಆ ದಪ್ಪದ ತಾಮ್ರದ ತಂತಿಗೆ ರೋಧ ಸುಮಾರು 0.36 ಓಮ್. ಪಂಪ್ 7 ಆಂಪಿಯರ್ ಎಳೆದರೆ ದಾರಿಯಲ್ಲೇ ಎರಡೂವರೆ ವೋಲ್ಟ್ ಮಾಯ. ಬ್ಯಾಟರಿಯಲ್ಲಿ 12.5 ಇದ್ದರೆ ಪಂಪಿಗೆ ಸಿಗೋದು 10. ದೊಡ್ಡ ಪಂಪ್ 10 ಆಂಪಿಯರ್ ಎಳೆಯಲು ಹೊರಟರೆ ಮೂರೂವರೆ ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತೆ. ದೊಡ್ಡದು ತಂದಷ್ಟೂ ಕೆಡುತ್ತೆ.

230 ವೋಲ್ಟಿನಲ್ಲಿ ಎರಡೂವರೆ ವೋಲ್ಟ್ ಹೋದರೆ ಯಾರಿಗೂ ತಿಳಿಯಲ್ಲ. 12ರಲ್ಲಿ ಅದು ಐದರಲ್ಲಿ ಒಂದು ಪಾಲು. ಅದೇ ವ್ಯಾಟಿನ ಪಂಪ್ 24 ವೋಲ್ಟಿನದಾದರೆ ಕರೆಂಟ್ ಅರ್ಧ, ನಷ್ಟದ ಶೇಕಡಾವಾರು ಕಾಲು ಭಾಗ. ಹಾಗಾಗಿ ಬ್ಯಾಟರಿ ಪಂಪಿನ ಪಕ್ಕದಲ್ಲೇ ಇದ್ದರೆ 12 ವೋಲ್ಟ್ ಸಾಕು. ದೂರ ಇರಲೇಬೇಕು ಅಂದರೆ 24ಕ್ಕೆ ಹೋಗಿ, ತಂತಿ 4 ಚದರ ಮಿಲಿಮೀಟರ್ ಹಾಕಿ.

ಗೆಳೆಯ ಏನೂ ಹೊಸದು ಕೊಳ್ಳಲಿಲ್ಲ. ಬ್ಯಾಟರಿಯನ್ನು ಕೆಳಗೆ ತಂದು ಪಂಪಿನ ಪಕ್ಕ ಇಟ್ಟ. ಉದ್ದ ತಂತಿ ಈಗ ಸೋಲಾರ್ ಪ್ಯಾನೆಲಿಂದ ಕಂಟ್ರೋಲರಿಗೆ ಬರುವ ಕಡೆ ಇದೆ, ಅಲ್ಲಿ ವೋಲ್ಟ್ ಜಾಸ್ತಿ, ಕರೆಂಟ್ ಕಮ್ಮಿ. ಮೊದಲು ತಂದ ಸಣ್ಣ ಪಂಪೇ ಈಗ ಚೆನ್ನಾಗಿ ಓಡ್ತಿದೆ. ದೊಡ್ಡದು ಅಟ್ಟದ ಮೇಲಿದೆ. ಬೇಕಿದ್ದವರು ಹೇಳಿ.

ಹೆಜ್ಜೆ 3: ಟಕ್-ಟಕ್-ಟಕ್

ಎರಡನೇ ಪಾಠ ಸೂರತ್‌ನದು. ಅಲ್ಲಿ ನನ್ನ ಹಳೇ ಆಫೀಸಿನ ಗುಜರಾತಿ ಸಹೋದ್ಯೋಗಿಯೊಬ್ಬರ ಹೊಲದ ಮನೆ ವ್ಯಾರಾ ಕಡೆ ಇದೆ. ಆ ಮನೆಗೆ ಲೈನೇ ಎಳೆದಿಲ್ಲ, ಪೂರ್ತಿ ಸೋಲಾರ್ ಮೇಲೆ. ಪಂಪ್ ಸರಿಯಾಗಿಯೇ ಆರಿಸಿದ್ದರು. ಆದರೆ ಕೈ ತೊಳೆಯಲು ನಲ್ಲಿಯನ್ನು ಸ್ವಲ್ಪ ತಿರುಗಿಸಿದರೆ ಸಾಕು, ಪಂಪ್ ಟಕ್-ಟಕ್-ಟಕ್ ಅಂತ ಸೆಕೆಂಡಿಗೊಮ್ಮೆ ಶುರುವಾಗಿ ನಿಲ್ಲೋದು. ರಾತ್ರಿ ಯಾರಾದರೂ ಎದ್ದು ಬಾತ್‌ರೂಮಿಗೆ ಹೋದರೆ ಮನೆಯೆಲ್ಲ ಎಚ್ಚರ. ಮೂರು ತಿಂಗಳಿಗೆ ಪ್ರೆಷರ್ ಸ್ವಿಚ್‌ನ ಕಾಂಟ್ಯಾಕ್ಟ್ ಸುಟ್ಟುಹೋಯ್ತು.

ಕಾರಣ ಸರಳ. ನೀರು ಹಿಗ್ಗೋದೂ ಇಲ್ಲ, ಕುಗ್ಗೋದೂ ಇಲ್ಲ. ನಲ್ಲಿಯಿಂದ ಸ್ವಲ್ಪ ನೀರು ಹೋದರೂ ಪೈಪಿನ ಒತ್ತಡ ಧೊಪ್ ಅಂತ ಇಳಿಯುತ್ತೆ, ಪಂಪ್ ಒಂದು ಬಡಿತ ಬಡಿದರೆ ಮತ್ತೆ ಏರುತ್ತೆ. ನಮ್ಮ ಭಾಷೆಯಲ್ಲಿ ಬಫರ್ ಇಲ್ಲ. ಬಫರ್ ಕೊಡುವುದು ಪ್ರೆಷರ್ ಟ್ಯಾಂಕ್: ಒಳಗೆ ರಬ್ಬರ್ ಚೀಲ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಗಾಳಿ ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತೆ.

ಪಂಪ್ 25 ಪಿಎಸ್ಐಗೆ ಶುರುವಾಗಿ 40ಕ್ಕೆ ನಿಲ್ಲುತ್ತೆ ಅಂದುಕೊಳ್ಳಿ. ಟ್ಯಾಂಕಿನಲ್ಲಿ ನೀರಿಲ್ಲದಾಗ ಗಾಳಿಯನ್ನು ಶುರುವಾಗುವ ಒತ್ತಡಕ್ಕಿಂತ 2 ಪಿಎಸ್ಐ ಕಮ್ಮಿ, ಅಂದರೆ 23ಕ್ಕೆ ತುಂಬಿಸಬೇಕು. ಸೈಕಲ್ ಪಂಪ್ ಸಾಕು, ವಾಲ್ವ್ ಕಾರ್ ಟೈರಿನದೇ. 8 ಲೀಟರಿನ ಟ್ಯಾಂಕ್ ಆದರೆ ಪಂಪ್ ಶುರುವಾಗುವ ಮೊದಲು ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಕೊಡುತ್ತೆ. ಕೈ ತೊಳೆಯಲು ಅರ್ಧ ಲೀಟರ್. ನಾಲ್ಕು ಸಲ ಕೈ ತೊಳೆದರೆ ಪಂಪ್ ಒಂದು ಸಲ ಓಡುತ್ತೆ. ಈಗ ಅವರ ಮನೆಯಲ್ಲಿ ರಾತ್ರಿ ಸದ್ದಿಲ್ಲ.

ಆರು ತಿಂಗಳಿಗೊಮ್ಮೆ ಆ ಗಾಳಿಯನ್ನು ಪರೀಕ್ಷೆ ಮಾಡಿ. ಟಕ್-ಟಕ್ ಮತ್ತೆ ಶುರುವಾದರೆ ಮೊದಲು ನೋಡಬೇಕಾದದ್ದು ಅದನ್ನೇ.

ಹೆಜ್ಜೆ 4: ಈಗ ಲೇಬಲ್ ಓದಿ

ಇಷ್ಟಾದ ಮೇಲೆ ಅಂಗಡಿಗೆ ಹೋಗಿ. ಲೇಬಲ್ ಮೇಲೆ ದೊಡ್ಡದಾಗಿ ಬರೆದಿರುವ ಲೀಟರ್ ಸಂಖ್ಯೆ ಒತ್ತಡವೇ ಇಲ್ಲದಾಗಿನದು. ಒತ್ತಡ ಏರಿದಂತೆ ಅದು ಅರ್ಧದ ಹತ್ತಿರಕ್ಕೂ ಇಳಿಯಬಹುದು. ನಿಮಗೆ ಬೇಕಾದ ಒತ್ತಡದಲ್ಲಿ ಎಷ್ಟು ಲೀಟರ್ ಅಂತ ಪಟ್ಟಿ ಕೇಳಿ. ಪಟ್ಟಿ ಕೊಡದ ಪಂಪ್ ಬೇಡ.

ಆರ್‌ಒ ಪಂಪ್ ಮನೆಗೆ ಸಾಲದು, ಅದು ನಿಮಿಷಕ್ಕೆ ಒಂದು ಒಂದೂವರೆ ಲೀಟರ್ ಮಾತ್ರ. ಸ್ಪ್ರೇಯರಿನ ಒಂಟಿ ಮೋಟರ್ ಸುಮಾರು 3-4 ಲೀಟರ್, ಅಡುಗೆಮನೆಯ ಒಂದೇ ನಲ್ಲಿಗಾದರೆ ಸರಿ. ಶವರ್ ಬೇಕು ಅಂದರೆ ಪ್ರೆಷರ್ ಸ್ವಿಚ್ ಇರುವ ಕ್ಯಾರವಾನ್ ಜಾತಿಯದೇ ಬೇಕು.

ಎಷ್ಟು ಹೊತ್ತು ಬಿಡದೆ ಓಡಬಹುದು ಅನ್ನೋದನ್ನೂ ನೋಡಿ. ಈ ಪಂಪುಗಳಲ್ಲಿ ಹೆಚ್ಚಿನವು ಓಡಿ, ನಿಂತು, ತಣ್ಣಗಾಗಿ ಮತ್ತೆ ಓಡುವಂಥವು. ಗಂಟೆಗಟ್ಟಲೆ ಓಡಿಸಿ ತಾರಸಿ ಟ್ಯಾಂಕ್ ತುಂಬಿಸಲು ಹೋದರೆ ಬಿಸಿಯಾಗಿ ನಿಲ್ಲುತ್ತವೆ. ಎತ್ತುವುದು ಬೇರೆ, ಒತ್ತುವುದು ಬೇರೆ. ಎರಡೂ ಬೇಕಾದರೆ ಎರಡು ಪಂಪ್.

ಎಳೆಯುವ ಆಳಕ್ಕೂ ಮಿತಿ ಇದೆ. ಸಣ್ಣ ಡಯಾಫ್ರಮ್ ಪಂಪ್ ಸುಮಾರು 2 ಮೀಟರ್ ಕೆಳಗಿನಿಂದ ಎಳೆಯುತ್ತೆ. ನನಗೆ ಇಲ್ಲೊಂದು ಇಕ್ಕಟ್ಟು ಬಂತು. ಪ್ರವಾಹಕ್ಕೆ ಸಿಗಬಾರದು ಅಂದರೆ ಪಂಪ್ ಎತ್ತರದಲ್ಲಿ ಇರಬೇಕು, ಚೆನ್ನಾಗಿ ಎಳೆಯಬೇಕು ಅಂದರೆ ತಗ್ಗಿನಲ್ಲಿ. ಕೊನೆಗೆ ಪೋರ್ಟಿಕೋದ ನೆಲದಿಂದ ಎರಡು ಅಡಿ ಮೇಲೆ ಗೋಡೆಗೆ ಬ್ರಾಕೆಟ್ ಹೊಡೆಸಿದೆ. ಸಂಪಿನ ತಳದ ಒಂದು ಅಡಿ ನೀರು ಸಿಗದಿದ್ದರೂ ಪರವಾಗಿಲ್ಲ, ಅಲ್ಲಿರೋದು ಹೂಳು. ಬ್ಯಾಟರಿಯನ್ನು ನಾಲ್ಕು ಅಡಿ ಮೇಲಿಟ್ಟೆ.

ಇನ್ನು ಸಣ್ಣಪುಟ್ಟದ್ದು, ಆದರೆ ಬಿಡಬಾರದ್ದು. ಪಂಪಿಗೆ ನೀರು ಬರುವ ಕಡೆ ಜಾಲರಿ ಇರಲಿ, ಒಂದು ಮರಳಿನ ಕಣ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಪಂಪ್ ನಿಲ್ಲದೆ ಓಡುತ್ತೆ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್, ಲೇಬಲ್ ಹೇಳಿದ ಅಳತೆಯದು. ಮನೆಯ ಮಾಮೂಲಿ ಸ್ವಿಚ್ಚು ಡಿಸಿಗೆ ಬೇಡ, ಕಿಡಿ ಬೇಗ ಆರಲ್ಲ, ಕಾಂಟ್ಯಾಕ್ಟ್ ಸುಡುತ್ತೆ. ಪಂಪಿನ ಎರಡೂ ಬದಿ ಒಂದೊಂದು ಅಡಿ ಮೆತ್ತನೆಯ ಹೋಸ್ ಹಾಕಿ, ಇಲ್ಲದಿದ್ದರೆ ಸದ್ದು ಪೈಪಿನ ಮೂಲಕ ಇಡೀ ಮನೆ ಸುತ್ತುತ್ತೆ. ಹೊರಗೆ ಹೋಗುವಾಗ ಪಂಪಿನ ಸ್ವಿಚ್ ಆರಿಸಿ. ಎಲ್ಲೋ ಪೈಪ್ ಬಿಟ್ಟುಕೊಂಡರೆ ಸಂಪು ಖಾಲಿಯಾಗುವ ತನಕ ಅದು ನಿಷ್ಠೆಯಿಂದ ಓಡ್ತಾ ಇರುತ್ತೆ. ಮತ್ತೆ, ಇದನ್ನು ಯಾವತ್ತೂ ಕಾರ್ಪೊರೇಷನ್ ಪೈಪಿಗೆ ನೇರ ಸೇರಿಸಬೇಡಿ. ಪಕ್ಕದ ಮನೆಯವರ ಪಾಲಿನ ನೀರನ್ನೂ ಎಳೆಯುತ್ತೆ, ಒಡೆದ ಕಡೆಯ ಕೊಳೆಯನ್ನೂ ಎಳೆಯುತ್ತೆ.

ಪ್ರವಾಹದ ನೀರು ಸಂಪಿಗೆ ನುಗ್ಗಿದ್ದರೆ ಪಂಪ್ ಹಾಕಲೇಬೇಡಿ. ನಮಗೆ ಅದೃಷ್ಟ, ಮುಚ್ಚಳ ಎತ್ತರದಲ್ಲಿತ್ತು. ಆದರೂ ಕುಡಿಯುವ ನೀರನ್ನು ಕುದಿಸಿಯೇ ಕುಡಿದೆವು.

ನೀರು ಕೆಳಗೆ, ನಾವು ಮೇಲೆ

ಇದೇನು ಹೊಸ ಸಮಸ್ಯೆ ಅಲ್ಲ. ಅಹಮದಾಬಾದಿನ ಹಳೇ ಊರಿನ ಪೋಳ್‌ಗಳಿಗೆ ಹೋಗಿದ್ದೀರಾ? 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರು ಅದು. ಅಲ್ಲಿನ ಹಳೇ ಮನೆಗಳ ಅಂಗಳದ ಕೆಳಗೆ ಟಾಂಕಾ ಇರುತ್ತೆ. ಮಳೆನೀರು ಮಾಡಿನಿಂದ ಇಳಿದು ನೆಲದಡಿಯ ಕತ್ತಲಲ್ಲಿ ವರ್ಷಕ್ಕಾಗುವಷ್ಟು ಕೂರುತ್ತೆ. ಬೇಕಾದಾಗ ಹಗ್ಗ ಹಾಕಿ ಸೇದಬೇಕು. ಸೇದುತ್ತಿದ್ದವರು ಯಾರು ಅಂತ ಹೇಳಬೇಕಿಲ್ಲ, ನಮ್ಮೂರ ಬಾವಿಕಟ್ಟೆಯಲ್ಲೂ ಅವರೇ.

ಇನ್ನೊಂದು ಕಡೆ ಕಛ್‌ನ ಚಿಕ್ಕ ರಣ್‌ನಲ್ಲಿ ಉಪ್ಪು ಮಾಡುವ ಅಗರಿಯಾ ಕುಟುಂಬಗಳಿವೆ. ಮಳೆ ಮುಗಿದ ಮೇಲೆ ತಿಂಗಳುಗಟ್ಟಲೆ ಕರೆಂಟ್ ಕಂಬವೇ ಇಲ್ಲದ ಬಯಲಿನಲ್ಲಿ ಬದುಕು. ನೆಲದೊಳಗಿನ ಉಪ್ಪುನೀರು ಎತ್ತಲು ಡೀಸೆಲ್ ಸುಡುತ್ತಿದ್ದರು, ದುಡಿದದ್ದರಲ್ಲಿ ದೊಡ್ಡ ಪಾಲು ಡೀಸೆಲಿಗೇ ಹೋಗ್ತಿತ್ತು. ಈಗ ಹಲವರು ಸೋಲಾರ್ ಪಂಪಿಗೆ ಬಂದಿದ್ದಾರೆ. ಬಿಸಿಲಿದ್ದಾಗ ನಿಧಾನಕ್ಕೆ ಎತ್ತುತ್ತೆ, ಅವಸರ ಇಲ್ಲ. ನಮ್ಮ ಥರ ಹವ್ಯಾಸಕ್ಕೆ ಆಫ್-ಗ್ರಿಡ್ ಅನ್ನುವವರು ಕಲಿಯಬೇಕಾದದ್ದು ಅವರಿಂದ.

ಅಪ್ಪನ ಪ್ರಶ್ನೆ

ವಡೋದರಾದ್ದು ಯಶಸ್ವಿಯಾದ ಮೇಲೆ ನನಗೆ ಊರಿನ ಮನೆಗೂ ಒಂದು ಹಾಕಿಸುವ ಉಮೇದು ಬಂತು. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ಮಾಮೂಲು. ಪಟ್ಟಿ ಮಾಡಿಕೊಂಡು ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ನಮ್ಮದು ಅಬ್ಬಿ ನೀರಲ್ವನಾ? ನೀರು ತಾನೇ ಇಳಿದು ಬರ್ತದೆ. ಅದಕ್ಕೆ ಪಂಪ್ ಎಂಥಕ್ಕೆ?" ಅಂದರು.

ನಾನು ಮರೆತೇಬಿಟ್ಟಿದ್ದೆ. ಗುಡ್ಡದ ಮೇಲಿನ ಒರತೆಯಿಂದ ಕಪ್ಪು ಪೈಪಿನಲ್ಲಿ ನೀರು ಬಚ್ಚಲಿನ ಹಂಡೆಗೆ ಬಂದು ಬೀಳ್ತಿದ್ದದ್ದನ್ನು ನೋಡಿಕೊಂಡೇ ಬೆಳೆದವನು ನಾನು. ಮುಂದಿನ ಸಲ ಹೋದಾಗ ಅಳೆದೆ, ಒರತೆ ಮನೆಗಿಂತ ಸುಮಾರು 18 ಮೀಟರ್ ಮೇಲೆ. ಅಂದರೆ 1.8 ಬಾರ್. ನಾನು ವಡೋದರಾದಲ್ಲಿ ಬ್ಯಾಟರಿ, ಪಂಪ್, ಟ್ಯಾಂಕ್ ಎಲ್ಲ ಹಾಕಿ ಪಡೆದ ಒತ್ತಡಕ್ಕೆ ಹತ್ತಿರ ಹತ್ತಿರ, ಒಂದು ವ್ಯಾಟ್ ಖರ್ಚಿಲ್ಲದೆ.

ಏಪ್ರಿಲ್, ಮೇ ತಿಂಗಳಲ್ಲಿ ಒರತೆ ದಾರದಷ್ಟಾಗುತ್ತೆ, ಆಗ ಬಾವಿಯೇ ಗತಿ. ಅದಕ್ಕೆ ಗುಡ್ಡದ ಇಳಿಜಾರಿನಲ್ಲಿ ಮನೆಗಿಂತ 12 ಮೀಟರ್ ಮೇಲೆ ಒಂದು ಟ್ಯಾಂಕ್ ಇಟ್ಟೆವು. ಬಿಸಿಲಿದ್ದಾಗ ಸಣ್ಣ ಸೋಲಾರ್ ಪಂಪ್ ಬಾವಿಯಿಂದ ಅಲ್ಲಿಗೆ ನಿಧಾನಕ್ಕೆ ಎತ್ತುತ್ತೆ, ಉಳಿದ ಕೆಲಸ ಗುಡ್ಡ ಮಾಡುತ್ತೆ. ಪ್ರೆಷರ್ ಪಂಪ್ ಬೇಕಾಗಲೇ ಇಲ್ಲ. ಹಾಗಾಗಿ ನನ್ನ ಹೆಜ್ಜೆಗಳ ಪಟ್ಟಿಗೆ ಈಗ ಒಂದು ಸೊನ್ನೆಯ ಹೆಜ್ಜೆ ಸೇರಿದೆ: ನಿಮ್ಮ ಹತ್ತಿರ ಎತ್ತರ ಇದೆಯಾ ನೋಡಿ. ಇದ್ದರೆ ಮೊದಲು ಅದನ್ನು ಬಳಸಿ. ಗುಜರಾತಿನ ಬಯಲಿನಲ್ಲಿ ನಮಗೆ ಗುಡ್ಡ ಇಲ್ಲ, ಹಾಗಾಗಿ ಪಂಪ್.

ನಮ್ಮ ವಡೋದರಾದ ಮನೆಯದು ಈಗ ಹೀಗಿದೆ: 12 ವೋಲ್ಟಿನ ಪಂಪ್, 8 ಲೀಟರಿನ ಪ್ರೆಷರ್ ಟ್ಯಾಂಕ್, ಒಂದು 100 ಆಂಪಿಯರ್-ಅವರ್ ಬ್ಯಾಟರಿ, ಪೋರ್ಟಿಕೋ ಮೇಲೆ ಒಂದೇ ಒಂದು 100 ವ್ಯಾಟಿನ ಪ್ಯಾನೆಲ್. ಮೋಡ ಕವಿದ ದಿನವೂ ಪಂಪಿಗೆ ಬೇಕಾದಷ್ಟು ಬರುತ್ತೆ. ತಿಂಗಳಿಗೊಮ್ಮೆ ಭಾನುವಾರ ಮೇನ್ ಸ್ವಿಚ್ ಆರಿಸಿ, ತಾರಸಿ ಟ್ಯಾಂಕಿನ ವಾಲ್ವ್ ಮುಚ್ಚಿ, ಇಡೀ ದಿನ ಇದರ ಮೇಲೇ ಇರ್ತೀವಿ. ಪರೀಕ್ಷೆ ಮಾಡದ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ ಅಂತ ನಿಮಗೆ ನಾನು ಹೇಳಬೇಕಾ?

ಮುಂದಿನ ಮಳೆಗಾಲದಲ್ಲಿ ಅಮ್ಮ ಚೆಕಪ್ಪಿಗೆ ಅಂತ ಮತ್ತೆ ಬಂದಿದ್ದರು. ಒಂದು ರಾತ್ರಿ ಟ್ರಾನ್ಸ್‌ಫಾರ್ಮರ್ ಹೋಗಿ ಮಾರನೇ ದಿನ ಹನ್ನೊಂದರ ತನಕ ಕರೆಂಟ್ ಇರಲಿಲ್ಲ. ತಾರಸಿ ಟ್ಯಾಂಕ್ ಬೆಳಿಗ್ಗೆ ಬೇಗನೇ ಖಾಲಿಯಾಗಿತ್ತು, ನಾನು ಎದ್ದು ವಾಲ್ವ್ ಬದಲಿಸಿದ್ದೆ. ಅಮ್ಮ ಎದ್ದರು, ಮುಖ ತೊಳೆದರು, ಸ್ನಾನ ಮಾಡಿದರು, ದೊಡ್ಡ ಲೋಟದಲ್ಲಿ ನೀರು ಕುಡಿದರು. ಹನ್ನೊಂದಕ್ಕೆ ಫ್ಯಾನ್ ತಿರುಗಿದಾಗ ತಲೆ ಎತ್ತಿ ಕೇಳಿದರು: "ಇಷ್ಟು ಹೊತ್ತು ಕರೆಂಟ್ ಇರಲಿಲ್ವಾ?"

ನಿಮ್ಮ ಮನೆಯಲ್ಲಿ ವಯಸ್ಸಾದವರು ಇದ್ದರೆ, ಇವತ್ತೇ ಒಂದು ಬಕೆಟ್ ತಗೊಂಡು ನಲ್ಲಿಯ ಕೆಳಗಿಟ್ಟು ಅಳೆಯಿರಿ. ಪಂಪ್ ಆಮೇಲೆ ನೋಡೋಣ. ನಿಮ್ಮ ಅಳತೆ, ಸಂಪಿನ ಆಳ, ಬ್ಯಾಟರಿಯಿಂದ ಪಂಪಿಗೆ ದೂರ, ಇವಿಷ್ಟು ಕೆಳಗೆ ಬರೆದರೆ ಲೆಕ್ಕ ಮಾಡಲು ನಾನು ಸಹಾಯ ಮಾಡ್ತೀನಿ.